ಹಳೇ ರಿಪೋರ್ಟಿನ ಮೇಲೆ ಹೊಸ ಹೆಸರು

ತೊಂಬತ್ತರ ದಶಕದ ಕೊನೆಯಲ್ಲಿ ನಾನು ಶಿವಾಜಿನಗರದ ಒಂದು ಸ್ಕ್ಯಾನಿಂಗ್ ಸೆಂಟರಿನಲ್ಲಿ ಟೈಪಿಸ್ಟ್ ಆಗಿದ್ದೆ. ಡಾಕ್ಟರು ಕತ್ತಲೆ ಕೋಣೆಯಲ್ಲಿ ರೋಗಿಯ ಹೊಟ್ಟೆಯ ಮೇಲೆ ಯಂತ್ರದ ಹಿಡಿ ಆಡಿಸುತ್ತ, ಕಂಡದ್ದನ್ನು ಇಂಗ್ಲಿಷಿನಲ್ಲಿ ಹೇಳುತ್ತಿದ್ದರು. ಪಕ್ಕದಲ್ಲಿ ಕೂತ ನಾನು ಅದನ್ನು ಶಾರ್ಟ್‌ಹ್ಯಾಂಡಿನಲ್ಲಿ ಬರೆದುಕೊಂಡು, ಆಚೆ ಬಂದು ಕಂಪ್ಯೂಟರಿನಲ್ಲಿ ಟೈಪ್ ಮಾಡಿ ಸಹಿಗೆ ಇಡಬೇಕು. ನನ್ನ ವೇಗಕ್ಕೆ ಸೆಂಟರಿನಲ್ಲಿ ಒಳ್ಳೆಯ ಹೆಸರಿತ್ತು. ಆ ಹೆಸರು ಸ್ವಲ್ಪ ತಲೆಗೂ ಏರಿತ್ತು.

ವೇಗದ ಗುಟ್ಟು ಇಷ್ಟೇ. ಪ್ರತಿ ರಿಪೋರ್ಟನ್ನೂ ಮೊದಲಿಂದ ಟೈಪ್ ಮಾಡುವಷ್ಟು ದಡ್ಡಿ ನಾನಲ್ಲ. ಹೊಟ್ಟೆಯ ಸ್ಕ್ಯಾನ್ ಬಂದರೆ, ಸ್ವಲ್ಪ ಮುಂಚೆ ಬಂದುಹೋದ ಇನ್ನೊಂದು ಹೊಟ್ಟೆಯ ರಿಪೋರ್ಟು ತೆರೆದು, ಹೆಸರು ವಯಸ್ಸು ಬದಲಿಸಿ, ಅಳತೆಗಳನ್ನು ತಿದ್ದಿ, ಒಂದೆರಡು ಸಾಲು ಸೇರಿಸಿ ಮುಗಿಸುತ್ತಿದ್ದೆ. ಎಲ್ಲರ ಹೊಟ್ಟೆಯಲ್ಲೂ ಇರುವುದು ಅದೇ ಸಾಮಾನು ತಾನೇ ಎಂಬುದು ನನ್ನ ವಾದ.

ಅದು ಹಾಗಲ್ಲ ಎಂದು ಮೊದಲು ತಿಳಿಸಿಕೊಟ್ಟವರು ಹಲಸೂರಿನ ಒಬ್ಬ ನಿವೃತ್ತ ಸುಬೇದಾರರು. ಒಂದು ಬೆಳಿಗ್ಗೆ ಬಂದು, ತಮ್ಮ ರಿಪೋರ್ಟನ್ನು ನನ್ನ ಮೇಜಿನ ಮೇಲೆ ಬಿಡಿಸಿಟ್ಟು, ಮೀಸೆ ತೀಡಿಕೊಂಡರು.

"ಮೂವತ್ತು ವರ್ಷ ಮಿಲಿಟರೀಲಿದ್ದೆ ಕಣಮ್ಮಾ. ಎಷ್ಟು ಸಲ ಮೆಡಿಕಲ್ ಮಾಡಿದ್ರೋ ಲೆಕ್ಕ ಇಲ್ಲ. ನಂಗೆ ಗರ್ಭಕೋಶ ಇದೆ ಅಂತ ಒಬ್ರೂ ಹೇಳ್ಲಿಲ್ಲ. ಅದೂ ನಾರ್ಮಲ್ ಆಗಿದೆಯಂತೆ, ಸಂತೋಷ."

ಡಾಕ್ಟರಿಗೆ ನಗುವುದೋ ಬಯ್ಯುವುದೋ ತಿಳಿಯಲಿಲ್ಲ. ಕೆಳಗಿದ್ದ ಸಹಿ ಅವರದೇ. "ನಿನ್ನ ನಂಬಿ ಸೈನ್ ಹಾಕ್ತೀನಮ್ಮಾ, ಓದಿ ಹಾಕಲ್ಲ. ನೀನಾದ್ರೂ ಓದು," ಎಂದರು. ರಿಚರ್ಡ್ಸ್ ಟೌನಿನ ಹಳೇ ಮನೆತನದವರು, ಅವರ ಬೈಗುಳವೂ ಇಸ್ತ್ರಿ ಮಾಡಿದಂತೆ ಇರುತ್ತಿತ್ತು. ಅಂದಿನಿಂದ ನಾನು ಪ್ರತಿ ರಿಪೋರ್ಟಿನಲ್ಲೂ ಮೊದಲು ಗರ್ಭಕೋಶ ಹುಡುಕುತ್ತಿದ್ದೆ. ಹೆಂಗಸಾದರೆ ಇರಲಿ, ಗಂಡಸಾದರೆ ಅಳಿಸು. ಅಷ್ಟು ಮಾಡಿದರೆ ಜವಾಬ್ದಾರಿ ಮುಗಿಯಿತೆಂದು ಭಾವಿಸಿದ್ದೆ.

ಕೆಲವು ತಿಂಗಳ ಮೇಲೆ ಒಬ್ಬಾಕೆ ಬಂದರು. ರಾಯಚೂರು ಕಡೆಯವರು, ಗರುಡಾಚಾರ್‌ಪಾಳ್ಯದಲ್ಲಿ ಬಾಡಿಗೆ ಕೋಣೆ ಮಾಡಿಕೊಂಡು ಗಂಡನ ಜೊತೆ ಕಟ್ಟಡದ ಕೆಲಸಕ್ಕೆ ಹೋಗುತ್ತಿದ್ದರು. ಒಂದು ಕಿಡ್ನಿ ಪೂರ್ತಿ ಕೆಟ್ಟಿರುವ ಹಾಗಿದೆ, ಯಾವುದೆಂದು ಸ್ಕ್ಯಾನಿನಲ್ಲಿ ನೋಡಿಕೊಂಡು ಮರುದಿನವೇ ತೆಗೆದುಬಿಡುತ್ತೇವೆ ಎಂದು ಆಸ್ಪತ್ರೆಯವರು ಕಳಿಸಿದ್ದರು. ಅದೇ ದಿನ ಬೆಳಿಗ್ಗೆ ಒಬ್ಬ ಗಂಡಸಿಗೂ ಒಂದು ಕಿಡ್ನಿ ಕೆಟ್ಟಿದ್ದು ನನಗೆ ಅನುಕೂಲವೇ ಆಯಿತು. ಅವನ ರಿಪೋರ್ಟಿನ ಮೇಲೆ ಈಕೆಯ ಹೆಸರು ಕೂರಿಸಿ, ಅಳತೆ ತಿದ್ದಿ, ಮರೆಯದೆ ಗರ್ಭಕೋಶವನ್ನೂ ಸೇರಿಸಿ, ಸಹಿ ಹಾಕಿಸಿ ಕೈಗೆ ಕೊಟ್ಟೆ.

ಎಲ್ಲರೂ ಕವರು ಇಸಕೊಂಡು ಹೋಗುತ್ತಾರೆ, ಈಕೆ ಹೋಗಲಿಲ್ಲ. "ಅಕ್ಕಾರ, ಇದ್ರಾಗ ಏನ್ ಬರದೀರಿ, ಒಂದೀಟು ಓದಿ ಹೇಳ್ರಿ," ಎಂದರು.

"ಅಲ್ಲಿ ಡಾಕ್ಟ್ರು ಓದ್ಕೋತಾರೆ ಬಿಡಮ್ಮಾ."

"ಹೊಟ್ಟಿ ನಂದ ಅಲ್ಲೇನ್ರೀ?"

ಕವರು ವಾಪಸ್ ಇಸಕೊಂಡೆ. ಬೇಜಾರಿನಿಂದಲೇ ಓದಿ ಕನ್ನಡದಲ್ಲಿ ಹೇಳಿದೆ: ಎಡಗಡೆ ಕಿಡ್ನಿ ಸುರುಟಿಕೊಂಡು ಕೆಟ್ಟುಹೋಗಿದೆ, ಬಲಗಡೆಯದು ಚೆನ್ನಾಗಿದೆ. ಕೇಳುತ್ತಿದ್ದ ಹಾಗೆ ಆಕೆಯ ಕೈ ಬಲ ಮಗ್ಗುಲಿಗೆ ಹೋಯಿತು.

"ನೋವು ಈ ಕಡಿ ಅದರೀ."

"ಕಂಪ್ಯೂಟರಲ್ಲಿ ಎಡಗಡೆ ಅಂತಾನೇ ಬಂದಿದೆ," ಎಂದೆ. ಕಂಪ್ಯೂಟರಿನೊಳಗೆ ಅದನ್ನು ಹಾಕಿದ ಮಹಾತಾಯಿ ನಾನೇ ಎಂಬುದು ಆ ಕ್ಷಣ ನೆನಪಿರಲಿಲ್ಲ.

ಆಕೆ ಕಂಪ್ಯೂಟರಿನ ಕಡೆ ಒಮ್ಮೆ ನೋಡಿದರು. ಆಮೇಲೆ ಕೈಯನ್ನು ಬಲಗಡೆಯಿಂದ ತೆಗೆದು ಎಡಗಡೆಗೆ ಇಟ್ಟುಕೊಂಡರು. "ಹಂಗಾರ ಎಡಕ್ಕ ಇರಬೇಕು ಬಿಡ್ರಿ. ನಮಗೇನ್ ತಿಳೀತದ," ಎಂದು ಕವರು ಮಡಚಿ ಚೀಲಕ್ಕೆ ಹಾಕಿಕೊಂಡು ಎದ್ದರು.

ಆ ಕೈ ಜಾಗ ಬದಲಿಸಿದ್ದು ನೋಡಿ ನನಗೆ ಒಳಗೊಳಗೇ ಹೆದರಿಕೆಯಾಯಿತು. ನೋಟ್‌ಬುಕ್ ತೆಗೆದು ನೋಡಿದೆ. ಡಾಕ್ಟರು ಬಲಗಡೆ ಎಂದೇ ಹೇಳಿದ್ದರು, ನಾನೂ ಹಾಗೇ ಬರೆದುಕೊಂಡಿದ್ದೆ. ಎಡಗಡೆ ಎನ್ನುವುದು ಬೆಳಗಿನ ಗಂಡಸಿನದು. ಈ ಕಾಗದ ಆಸ್ಪತ್ರೆ ತಲುಪಿದ್ದರೆ ಆಕೆಯ ಒಳ್ಳೇ ಕಿಡ್ನಿಯನ್ನೇ ತೆಗೆದುಬಿಡಬಹುದಿತ್ತು.

ಮೆಟ್ಟಿಲವರೆಗೆ ಹೋಗಿದ್ದ ಆಕೆಯನ್ನು ಕರೆತಂದು ಕೂರಿಸಿ, ಒಳಗೆ ಓಡಿದೆ. ಡಾಕ್ಟರು ಮೊಸರನ್ನ ಕಲಸುತ್ತಿದ್ದರು. ನೋಟ್‌ಬುಕ್ಕನ್ನೂ ರಿಪೋರ್ಟನ್ನೂ ಪಕ್ಕಪಕ್ಕ ಇಟ್ಟೆ. ಅವರು ಬಯ್ಯಲಿಲ್ಲ. ಡಬ್ಬಿ ಮುಚ್ಚಿ, ಕೈ ತೊಳೆದು, ಆಕೆಯನ್ನು ಮತ್ತೆ ಮಲಗಿಸಿ ಎರಡೂ ಕಡೆ ನಿಧಾನವಾಗಿ ನೋಡಿದರು. ಕೆಟ್ಟಿದ್ದು ಬಲಗಡೆಯದೇ. "ನೀನು ಟೈಪ್ ಮಾಡ್ದೆ, ನಾನು ಸೈನ್ ಹಾಕ್ದೆ," ಎಂದರು ನನಗೆ, ಅಷ್ಟೇ. ಅದಕ್ಕಿಂತ ನಾಲ್ಕು ಬೈದಿದ್ದರೆ ವಾಸಿಯಿತ್ತು.

ಆಮೇಲೆ ಆಕೆಯ ಎದುರು ನಿಂತು, "ತಪ್ಪು ನಮ್ದಮ್ಮಾ, ನೀವು ಹೇಳಿದ್ದೇ ಸರಿ," ಎಂದರು.

"ಇರ್ಲಿ ಬಿಡ್ರೀ ಸಾಹೇಬ್ರ. ನಾನ ಸುಮ್ನ ನಿಮ್ ಊಟ ಕೆಡಿಸಿದ್ನಿ."

ನನಗೆ ಅಳು ಬಂದುಬಿಟ್ಟಿತು. ಖಾಲಿ ಪುಟ ತೆರೆದು, ಯಾರ ಹೊಟ್ಟೆಯನ್ನೂ ಸಾಲ ತಾರದೆ, ಮೊದಲ ಅಕ್ಷರದಿಂದ ಟೈಪ್ ಮಾಡಿದೆ. ಅಷ್ಟು ನಿಧಾನವಾಗಿ ಆ ಸೆಂಟರಿನಲ್ಲಿ ಯಾರೂ ಯಾವತ್ತೂ ಟೈಪ್ ಮಾಡಿರಲಾರರು.

ಡಾಕ್ಟರು ಕಾಗದ ಹಿಡಿದು, ತಮಿಳು ಬೆರೆತ ತಮ್ಮ ಕನ್ನಡದಲ್ಲಿ ಒಂದೊಂದೇ ಸಾಲನ್ನು ಆಕೆಗೆ ಓದಿ ಹೇಳಿದರು. "ಕೆಟ್ಟಿರೋದು ಬಲಗಡೆ" ಎಂದಲ್ಲಿ ನಿಲ್ಲಿಸಿ ಕಾದರು. ಆಕೆ ಮೊದಲು ನನ್ನ ಮುಖ ನೋಡಿದರು, ಕಂಪ್ಯೂಟರು ಒಪ್ಪುತ್ತದೋ ಇಲ್ಲವೋ ಎಂದು ಕೇಳುವವರಂತೆ. ನಾನು ತಲೆ ತಗ್ಗಿಸಿದೆ. ಆಗ ಆಕೆ ಬಲ ಮಗ್ಗುಲಿಗೆ ಕೈಯಿಟ್ಟು, "ಹೌದ್ರಿ, ಇದ," ಎಂದರು. ಡಾಕ್ಟರು ಪೆನ್ನಿನ ಮುಚ್ಚಳ ತೆಗೆದರು.