ಅತ್ತೆ ಸುಣ್ಣ ಬಳಿದ ಶಾಸನ

ಸುಣ್ಣ ಕಲಸಿ ಕಲಸಿ ಅತ್ತೆಯ ಬಲಗೈ ಬೆರಳ ತುದಿಗಳು ಬಿರಿದಿದ್ದವು. ಸಾರನ್ನ ಕಲಸುವಾಗ ಉರಿಗೆ ಮುಖ ಕಿವುಚುತ್ತಿದ್ದರು. ಎದುರುಮನೆಯವರು, ಚಿಕ್ಕಂದಿನಿಂದ ನಾನು ಅತ್ತೆ ಎಂದೇ ಕರೆದವರು. ನೆಂಟರು ಬರುತ್ತಾರೆಂದರೆ ಸಾಕು, ತಮ್ಮ ಗೋಡೆಗಲ್ಲದೆ ನಮ್ಮ ಗೋಡೆಗೂ ಒಂದು ಕೈ ಸುಣ್ಣ ಬಳಿಯದೆ ಬಿಡುತ್ತಿರಲಿಲ್ಲ. ಸುಮ್ಮನೆ ಮಲಗಿದ್ದರೆ ನಾಯಿಗೂ ಬಳಿದಾರು ಎಂದು ನಮ್ಮಪ್ಪ ರೇಗಿಸುತ್ತಿದ್ದರು. "ಬಂದೋರ ಕಣ್ಗೆ ಊರು ಬೆಳ್ಳಗೆ ಕಾಣ್ಬೇಕು ಕಣ ಕೂಸೇ" ಎನ್ನುವರು ಅತ್ತೆ.

ಮಧುವನಹಳ್ಳಿಯಾಚೆಯ ನಮ್ಮೂರಲ್ಲಿ ಒಂದು ಪಾಳುಗುಡಿ, ಅದರ ಮುಂದೆ ಶಾಸನದ ಕಲ್ಲು. ಶಾಲೆಯಲ್ಲಿ ಕನ್ನಡ ಪಾಠ ಮಾಡುವ ನಾನು ಮೈಸೂರಿನ ಪುರಾತತ್ವ ಕಚೇರಿಗೆ ಬರೆದು ಬರೆದು ಸಾಕಾಗಿದ್ದೆ. ಕೊನೆಗೂ ಅದನ್ನು ಓದಲು ಅಧಿಕಾರಿಯೊಬ್ಬರು ಬರುವುದಾಯಿತು. ಬರಹ ಹಳೆಯದೆಂದು ಅವರು ಬರೆದುಕೊಟ್ಟರೆ ಗುಡಿ ರಿಪೇರಿಯಾಗುತ್ತದೆ, ನೋಡಲು ಜನ ಬರುತ್ತಾರೆ, ಹನೂರಿನ ಬಸ್ಸು ನಮ್ಮಲ್ಲೂ ನಿಲ್ಲುತ್ತದೆ. ಬಂದವರಿಗೆ ಮುದ್ದೆ ಊಟ ಹಾಕಲು ಅತ್ತೆಯ ಮಹಿಳಾ ಸಂಘ ತಯಾರಾಗಿ ಕೂತಿತ್ತು. ಅಕ್ಷರ ಸವೆದಿದೆ, ಓದಲಾಗದು ಎಂದುಬಿಟ್ಟರೆ? ಆ ವಾರವೆಲ್ಲ ನನಗೆ ಅನ್ನ ಸೇರಲಿಲ್ಲ.

ಅಧಿಕಾರಿ ಬರುವ ದಿನ ಬೆಳಿಗ್ಗೆ ಹೋಗಿ ನೋಡಿದರೆ ಕಲ್ಲು ಬುಡದಿಂದ ತುದಿಯವರೆಗೆ ಬೆಳ್ಳಗಿದೆ. ಒಂದಕ್ಷರ ಕಾಣದು. ಪಕ್ಕದಲ್ಲಿ ಬಕೆಟ್ಟು ಹಿಡಿದು ಅತ್ತೆ ನಗುತ್ತಿದ್ದರು.

"ಏನತ್ತೆ ಮಾಡ್ಬುಟ್ರಿ! ಊರ್ ಬಾಯ್ಗೆ ಮಣ್ಣಾಕ್ಬುಟ್ರಲ್ಲ!" ನನ್ನನ್ನು ಎತ್ತಿ ಆಡಿಸಿದವರ ಮೇಲೆ, ಹತ್ತು ಜನರ ಮುಂದೆ, ಕಿರುಚಿದೆ.

ಅತ್ತೆಯ ಮುಖ ಇಳಿದುಹೋಯಿತು. "ದೊಡ್ಡೋರು ಬತ್ತಾರೆ ಅಂತ ಬಳ್ದೆ ಕೂಸೇ. ಗೊತ್ತಾಗ್ನಿಲ್ಲ" ಎಂದವರೇ ಸೆರಗನ್ನು ನೀರಲ್ಲಿ ಅದ್ದಿ ಒರೆಸತೊಡಗಿದರು. ರಸ್ತೆಯಲ್ಲಿ ಜೀಪಿನ ಸದ್ದಾಯಿತು. ಒರೆಸಿದಂತೆ ಕಲ್ಲಿನ ಮೈ ಕಪ್ಪಾಯಿತು. ಗೀರುಗಳೊಳಗೆ ಇಳಿದ ಸುಣ್ಣ ಮಾತ್ರ ಅಲ್ಲೇ ಉಳಿದು, ಎಂದೂ ಕಾಣದಿದ್ದ ಅಕ್ಷರಗಳು ಸಾಲುಸಾಲಾಗಿ ಎದ್ದು ಬಂದವು.

"ಇನ್ಮೇಲೆ ಇದಕ್ಕೆ ಏನೂ ಬಳೀಬೇಡಿ ತಾಯಿ" ಎಂದು ಗದರಿದ ಅಧಿಕಾರಿ, ಕಲ್ಲಿನ ಮುಂದೆ ಮಂಡಿಯೂರಿ ಕೂತವರು ಮಧ್ಯಾಹ್ನದವರೆಗೂ ಏಳಲಿಲ್ಲ.

ಬರಹ ಹಳೆಯದೆಂದು ಅವರು ಬರೆದುಕೊಟ್ಟರು. ಗುಡಿ ಎದ್ದಿತು. ಹನೂರಿನ ಬಸ್ಸು ನಮ್ಮೂರಲ್ಲೂ ನಿಲ್ಲತೊಡಗಿತು. ಬಂದವರಿಗೆಲ್ಲ ಮುದ್ದೆ ಬಡಿಸುತ್ತಾ ಅತ್ತೆ ಹೇಳುತ್ತಿದ್ದುದು ಒಂದೇ: "ನಮ್ ಟೀಚರಮ್ಮ ಆವತ್ತು ಬೈದು ಉಳುಸ್ಕೊಂಡ್ರು ಕಣ್ರಿ. ನಾನಾಗಿದ್ರೆ ಕೆಡುಸ್ಬುಡ್ತಿದ್ದೆ."

ಅಲ್ಲ, ಅಕ್ಷರ ಎಬ್ಬಿಸಿದ್ದು ನಿಮ್ಮ ಸುಣ್ಣವೇ ಎಂದು ನಾನು ಹೇಳಲಿಲ್ಲ. ತಪ್ಪಾಯಿತು ಎಂದೂ ಹೇಳಲಿಲ್ಲ. ನಾಳೆ ಹೇಳಿದರಾಯಿತು, ನಾಡಿದ್ದು ಹೇಳಿದರಾಯಿತು ಎಂದುಕೊಂಡೆ. ಹೋದ ಕಾರ್ತಿಕದಲ್ಲಿ ಅವರು ತೀರಿಕೊಂಡರು. ಶಾಸನ ಉಳಿಸಿದವಳೆಂದು ಊರು ಈಗಲೂ ನನ್ನನ್ನೇ ತೋರಿಸುತ್ತದೆ.