ಬ್ರೇಕಮ್ಮನ ಜರಡಿ

ಕಾರು ಓಡಿಸಲು ಕಲಿಸುವ ಶಾಲೆಯಲ್ಲಿ ಅವಳಿಗೆ ಬ್ರೇಕಮ್ಮ ಎಂದು ಹೆಸರಿಟ್ಟವರು ಯಾರೋ, ಹೆಸರಂತೂ ಅಂಟಿಕೊಂಡುಬಿಟ್ಟಿತು. ಆ ಕಾರಿನಲ್ಲಿ ಕಲಿಯುವವರ ಕಾಲಬುಡದಲ್ಲಿ ಒಂದು ಬ್ರೇಕ್, ಪಕ್ಕದ ಸೀಟಿನಲ್ಲಿ ಕೂರುವ ಅವಳ ಕಾಲಬುಡದಲ್ಲಿ ಇನ್ನೊಂದು. ಶಾಲೆಯ ಬೇರೆ ಮೇಷ್ಟರುಗಳು ತಮ್ಮ ಬ್ರೇಕನ್ನು ಮಾತಿಗೊಮ್ಮೆ ತುಳಿಯುತ್ತಿದ್ದರು. ಇವಳು ತುಳಿಯುತ್ತಲೇ ಇರಲಿಲ್ಲ. ಎದುರಿಗೆ ಬಸ್ಸು ಬಂದು ಕಲಿಯುವವರ ಜೀವ ಬಾಯಿಗೆ ಬಂದಾಗಲೂ, "ನೀವೇ ಹಾಕಿ. ನಿಮ್ಮ ಕಾಲು ನಿಮ್ಮ ಹತ್ರಾನೇ ಇದೆಯಲ್ಲ?" ಎನ್ನುತ್ತಿದ್ದಳು. ತುಳಿಯದ ಬ್ರೇಕಿನ ಹೆಸರೇ ಅವಳ ಹೆಸರಾಯಿತು. ಉಳಿದವರು ಕೈಚೆಲ್ಲಿದ ಅಂಜುಬುರುಕರೆಲ್ಲ ಕೊನೆಗೆ ಅವಳ ಪಾಲಿಗೆ ಬರುತ್ತಿದ್ದರು, ಲೈಸೆನ್ಸು ಹಿಡಿದುಕೊಂಡೇ ಹೋಗುತ್ತಿದ್ದರು.

ಗಂಡ ಕ್ಷೌರಿಕ. ಮನೆಯ ಕೆಳಗೇ ಅಂಗಡಿ. ಕತ್ತರಿಗಿಂತ ನಾಲಿಗೆ ಚುರುಕು. ಅವರಿಗೆ ಮಕ್ಕಳಿರಲಿಲ್ಲ. ಯಾರಾದರೂ ಕೆದಕಿ ಕೇಳಿದರೆ, "ಮನೆ ತುಂಬ ಇವರ ಮಾತೇ ಇದೆ, ಮಕ್ಕಳನ್ನ ಎಲ್ಲಿ ಮಲಗಿಸಲಿ?" ಎಂದು ನಕ್ಕು ಮುಗಿಸುತ್ತಿದ್ದಳು.

ಒಂದು ಬೆಳಿಗ್ಗೆ ಶಾಲೆಯ ಅಂಗಳದಲ್ಲಿ ಅವಳು ಬಗ್ಗಿ ಟೈರು ನೋಡುತ್ತಿದ್ದಳು. ಸಾಮಾನು ಇಳಿಸಲು ಬಂದಿದ್ದ ವ್ಯಾನೊಂದು ಹಿಂದುಮುಂದು ನೋಡದೆ ಹಿಂದಕ್ಕೆ ಬಂತು. ಸೊಂಟದ ಮೂಳೆ ಮುರಿಯಿತು. ತಲೆ ನೆಲಕ್ಕೆ ಬಡಿದು ಒಳಗೆ ರಕ್ತ ಒಸರಿತು. ಆಸ್ಪತ್ರೆಯಲ್ಲಿ ಅಲುಗಾಡದೆ ಮಲಗಿದ್ದಾಗ ತೊಡೆಯ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟಿತು. ಅದರ ಚೂರೊಂದು ಮೇಲೇರಿ ಶ್ವಾಸಕೋಶದಲ್ಲಿ ಸಿಕ್ಕಿಕೊಂಡು, ಅವಳು ಉಸಿರಿಗಾಗಿ ಒದ್ದಾಡಿದಳು. ಹೆಪ್ಪು ಬೆಳೆಯದಂತೆ ಔಷಧಿ ಕೊಟ್ಟರೆ ತಲೆಯೊಳಗಿನ ರಕ್ತಸ್ರಾವ ಹೆಚ್ಚುತ್ತದೆ. ಕೊಡದಿದ್ದರೆ ಇನ್ನೊಂದು ಚೂರು ಹೊರಟು ಜೀವವನ್ನೇ ತೆಗೆಯಬಹುದು. ಅತ್ತ ದರಿ, ಇತ್ತ ಪುಲಿ.

ಆಗ ಒಬ್ಬ ಡಾಕ್ಟರು ಗಂಡನನ್ನು ಬಾಗಿಲಾಚೆ ಕರೆದು ಹೇಳಿದರು. "ಛತ್ರಿಯ ಬಟ್ಟೆ ಕಿತ್ತುಹಾಕಿದ್ರೆ ಬರೀ ಕಡ್ಡಿ ಉಳಿಯುತ್ತಲ್ಲ, ಹಾಗಿರುತ್ತೆ ಇದು. ಒಂಥರಾ ಜರಡಿ. ಕಾಲಿಂದ ಹೃದಯಕ್ಕೆ ಹೋಗೋ ದೊಡ್ಡ ರಕ್ತನಾಳದಲ್ಲಿ ಬಿಡಿಸಿ ಇಡ್ತೀವಿ. ರಕ್ತ ಹರೀತಾ ಇರುತ್ತೆ, ಹೆಪ್ಪು ಬಂದ್ರೆ ಅಲ್ಲೇ ಸಿಕ್ಕಿಬೀಳುತ್ತೆ. ಅವರು ಸುಧಾರಿಸಿಕೊಂಡ ಮೇಲೆ ಮರೀದೆ ತೆಗೆಸಬೇಕು."

ಗಂಡ ತಲೆಯಾಡಿಸಿದ. ಆ ಹೊತ್ತಿನಲ್ಲಿ ಹೆಂಡತಿಯ ಕುತ್ತಿಗೆಗೆ ಗಂಟೆ ಕಟ್ಟುತ್ತೇವೆ ಎಂದಿದ್ದರೂ ಹೂಂ ಎನ್ನುತ್ತಿದ್ದ.

ಜರಡಿ ಕೂತಿತು, ಜೀವ ಉಳಿಯಿತು. ಮನೆಗೆ ಮೆಟ್ಟಿಲು ಹತ್ತುವುದು ಕಷ್ಟವೆಂದು ಅವಳನ್ನು ಬೇರೆ ಊರಿನಲ್ಲಿದ್ದ ನಾದಿನಿಯ ಮನೆಗೆ ಕರೆದೊಯ್ದರು. ಅವಳ ಫೋನು ವ್ಯಾನಿನ ಚಕ್ರಕ್ಕೆ ಸಿಕ್ಕಿ ಪುಡಿಯಾಗಿತ್ತು, ಹೊಸ ನಂಬರು ಬಂದಿತ್ತು. ಜರಡಿ ತೆಗೆಸಲು ಬನ್ನಿ ಎಂದು ಆಸ್ಪತ್ರೆಯವರು ಫೋನು ಮಾಡಿದ್ದರೂ ಹಳೆಯ ನಂಬರಿಗೇ ಮಾಡಿರಬೇಕು. ಒಳಗೆ ಏನೋ ಇಟ್ಟಿದ್ದರು ಎಂದು ಅವಳಿಗೆ ಅರೆಮಂಪರಿನ ನೆನಪು. ಅದು ಆಗಲೇ ಹೋಗಿರಬೇಕು ಎಂದುಕೊಂಡಳು. ಗಂಡನ ಬಾಯಲ್ಲಿ ಆ ಮಾತು ಬರಲೇ ಇಲ್ಲ. ಕೋಲು ಹಿಡಿದು ನಡೆದಳು, ಕೋಲು ಬಿಟ್ಟು ನಡೆದಳು, ಕೊನೆಗೆ ಕಾರಿನ ಪಕ್ಕದ ಸೀಟಿಗೆ ಮರಳಿದಳು.

ವರ್ಷಗಳು ಉರುಳಿದವು. ಬೆನ್ನುನೋವು ಶುರುವಾಗಿ ಎಕ್ಸರೇ ತೆಗೆಸಲು ಹೋದಾಗ, ಯಂತ್ರ ನೋಡಿಕೊಳ್ಳುವ ಹುಡುಗಿ ಗಾಜಿನಾಚೆಯಿಂದ ಎದ್ದು ಬಂದಳು.

"ಅಮ್ಮ, ಹೊಟ್ಟೆಯೊಳಗೆ ಜರಡಿ ಇದೆಯಲ್ಲ, ಯಾವಾಗ ಹಾಕಿಸಿಕೊಂಡ್ರಿ?"

"ನನಗೆ ಯಾವ ಜರಡೀನೂ ಇಲ್ಲ," ಎಂದಳು ಬ್ರೇಕಮ್ಮ.

ಹುಡುಗಿ ಪರದೆ ತಿರುಗಿಸಿ ತೋರಿಸಿದಳು. ಬೆನ್ನೆಲುಬಿನ ಮುಂದೆ ಕಾಲು ಚಾಚಿದ ಜೇಡದಂಥ ಒಂದು ವಸ್ತು, ಒಂದು ಬದಿಗೆ ವಾಲಿಕೊಂಡು ಕೂತಿತ್ತು.

ಸ್ಕ್ಯಾನ್ ಮಾಡಿಸಿದ ಮೇಲೆ ಅವರ ಬೀದಿಯ ಡಾಕ್ಟರು ಬಿಡಿಸಿ ಹೇಳಿದರು. ಜರಡಿಯ ಒಂದು ಕಾಲು ರಕ್ತನಾಳದ ಗೋಡೆಯನ್ನು ಚುಚ್ಚಿಕೊಂಡು ಆಚೆಗೆ ಇಣುಕಿದೆ. ಬೆನ್ನುನೋವು ಇದರಿಂದಲೇ ಎನ್ನಲಾಗದು. ಹೀಗೇ ಬಿಟ್ಟರೆ ಕಾಲು ಮುರಿದು ಹೃದಯದತ್ತ ಹೋಗಬಹುದು, ಹೆಪ್ಪು ಹಿಡಿಯಲು ಇಟ್ಟ ಜರಡಿಯಲ್ಲೇ ಹೆಪ್ಪು ಕಟ್ಟಬಹುದು, ಏನೂ ಆಗದೆಯೂ ಇರಬಹುದು.

"ತುಂಬ ಜನ ಇಟ್ಕೊಂಡೇ ಬದುಕ್ತಿದ್ದಾರೆ. ಇಷ್ಟು ವರ್ಷ ಆದ್ಮೇಲೆ ತೆಗೆಯೋದೂ ಸುಲಭ ಅಲ್ಲ," ಎಂದರು.

"ಇದು ತೆಗೆಯೋದಕ್ಕೇ ಅಂತ ಮಾಡಿರೋದಾ?"

"ಹೌದು. ಆಗಲೇ ತೆಗೀಬೇಕಿತ್ತು."

"ಹಾಗಾದ್ರೆ ಈಗ ತೆಗೆಸ್ತೀನಿ."

ಗಂಡನಿಗೆ ಇದು ಸುತರಾಂ ಇಷ್ಟವಿರಲಿಲ್ಲ. ಅಂಗಡಿಗೆ ಬಂದವರ ಮುಂದೆಲ್ಲ ಹೇಳಿಕೊಂಡ. ಕ್ಷೌರದ ಕುರ್ಚಿಯಲ್ಲಿ ಕೂತವರೆಲ್ಲ ಡಾಕ್ಟರುಗಳೇ ಆದರು. ಒಬ್ಬನ ಸೋದರಮಾವ ಕಾಲಲ್ಲಿ ಮೊಳೆ ಇಟ್ಟುಕೊಂಡೇ ಮುದುಕನಾದನಂತೆ. ಇನ್ನೊಬ್ಬನ ಪಕ್ಕದ ಮನೆಯವರು ಏನನ್ನೋ ತೆಗೆಸಲು ಹೋಗಿ ವಾಪಸು ಬರಲೇ ಇಲ್ಲವಂತೆ. ಆ ಮಾತು ಮುಗಿಯುವಷ್ಟರಲ್ಲಿ ಬ್ರೇಕಮ್ಮ ಮೆಟ್ಟಿಲಿಳಿದು ಬಂದು ಬಾಗಿಲಲ್ಲಿ ನಿಂತಿದ್ದಳು.

"ಮುಖಕ್ಕೆ ಸೋಪು ಹಚ್ಚಿಕೊಂಡು ಕೂತವರು ನನ್ನ ಹೊಟ್ಟೆ ವಿಷಯ ಮಾತಾಡಬೇಡಿ. ಬಾಯಿಗೆ ನೊರೆ ಹೋಗುತ್ತೆ," ಎಂದಳು.

ಅಂಗಡಿ ಖಾಲಿಯಾದ ಮೇಲೆ ಗಂಡ ಕುರ್ಚಿ ಒರೆಸುತ್ತ ಗೊಣಗಿದ. "ಚೆನ್ನಾಗೇ ಇದೀಯಲ್ಲ. ಇರಲಾರದೆ ಇರುವೆ ಬಿಟ್ಕೊಂಡ ಹಾಗಾಯ್ತು ಇದು."

"ಇರುವೆ ಒಳಗೇ ಇದೆ ರೀ. ನಾನು ಆಚೆ ಕಳಿಸ್ತೀನಿ ಅಂತಿದೀನಿ."

ಜರಡಿ ಹಾಕಿದ ಆಸ್ಪತ್ರೆಗೇ ಹೋದಳು. ಹಾಕಿದ ಡಾಕ್ಟರು ಕೆಲಸ ಬಿಟ್ಟು ಹೋಗಿದ್ದರು. ಅವರ ಜಾಗದಲ್ಲಿದ್ದ ಯುವಕ ಒಪ್ಪಿಕೊಂಡ. ಕುತ್ತಿಗೆಯ ಬದಿಗೆ ಮರಗಟ್ಟಿಸುವ ಸೂಜಿ ಚುಚ್ಚಿ, ಅಲ್ಲಿನ ರಕ್ತನಾಳದಿಂದ ತೆಳ್ಳನೆಯ ಕೊಳವೆ ಇಳಿಸಿದ. ಅದರ ತುದಿಯಲ್ಲೊಂದು ತಂತಿಯ ಕುಣಿಕೆ. ಜರಡಿಯ ನೆತ್ತಿಯಲ್ಲಿರುವ ಕೊಕ್ಕೆಗೆ ಕುಣಿಕೆ ಬಿದ್ದರೆ, ಛತ್ರಿ ಮಡಚಿದ ಹಾಗೆ ಕೊಳವೆಯೊಳಗೆ ಎಳೆದುಕೊಳ್ಳಬಹುದು. ಬ್ರೇಕಮ್ಮ ಎಚ್ಚರವಾಗಿಯೇ ಇದ್ದಳು. ಕುಣಿಕೆ ಮತ್ತೆ ಮತ್ತೆ ಜಾರುತ್ತಿದ್ದುದು ಡಾಕ್ಟರನ ಉಸಿರಿನಿಂದಲೇ ತಿಳಿಯುತ್ತಿತ್ತು. ಒಮ್ಮೆ ಎಳೆದಾಗ ಬೆನ್ನಿನ ಆಳದಲ್ಲಿ ಏನೋ ಹಿಂಡಿದಂತಾಗಿ ಹಲ್ಲು ಕಚ್ಚಿದಳು.

"ಅಮ್ಮ, ಕೊಕ್ಕೆ ಗೋಡೆಯೊಳಗೆ ಹೂತುಹೋಗಿದೆ. ಇನ್ನೂ ಎಳೆದ್ರೆ ನಾಳ ಹರಿಯಬಹುದು. ನಿಲ್ಲಿಸ್ತಿದೀನಿ, ಕ್ಷಮಿಸಿ," ಎಂದ ಆತ.

ಮನೆಗೆ ಬಂದು ಗೋಡೆಯ ಕಡೆ ಮುಖ ಮಾಡಿ ಅತ್ತಳು. ಗಂಡ ಚಹಾ ಮಾಡಿ ತಂದು ಪಕ್ಕದಲ್ಲಿಟ್ಟ. ಅವನ ದನಿಯಲ್ಲಿ ನಿರಾಳ ಮುಚ್ಚಿಡಲಾಗಲಿಲ್ಲ. "ಹೋಗ್ಲಿ ಬಿಡು. ಆಗಲ್ಲ ಅಂದ್ರಲ್ಲ."

ಅವಳು ಎದ್ದು ಕೂತಳು. "ಅವರ ಕೈಲಿ ಆಗಲ್ಲ ಅಂದ್ರು. ಯಾರ ಕೈಲೂ ಆಗಲ್ಲ ಅನ್ನಲಿಲ್ಲ."

ಮರುದಿನವೇ ಆ ಡಾಕ್ಟರನಿಗೆ ಫೋನು ಮಾಡಿದಳು. "ನಿಮಗೆ ಕಲಿಸಿದವರು ಯಾರಾದ್ರೂ ಇದ್ದೇ ಇರ್ತಾರಲ್ಲ, ಅವರ ಹತ್ರ ಕಳಿಸಿ," ಎಂದಳು. ಆತನೂ ದೊಡ್ಡ ಮನಸ್ಸಿನವ, ಬೇಸರಪಟ್ಟುಕೊಳ್ಳಲಿಲ್ಲ. ದೂರದ ದೊಡ್ಡ ಆಸ್ಪತ್ರೆಯೊಂದರಲ್ಲಿದ್ದ ತನ್ನ ಗುರುವಿಗೆ ತಾನೇ ಹೇಳಿ ದಿನ ಗೊತ್ತುಮಾಡಿಸಿದ. ಬೇರೆಯವರ ಕೈಗೆ ಬರದ ಜರಡಿಗಳನ್ನು ತೆಗೆಯುವುದೇ ಆಕೆಯ ಕೆಲಸ.

ಬ್ರೇಕಮ್ಮ ಹೊರಟ ದಿನ ಗಂಡ ಅಂಗಡಿಯ ಬಾಗಿಲು ಎಳೆದು, ಜೊತೆಗೆ ಬಂದು ರೈಲು ಹತ್ತಿದ.

ಆ ಡಾಕ್ಟರಮ್ಮ ನರೆಗೂದಲಿನ ಗಿಡ್ಡ ಹೆಂಗಸು. ಚಿತ್ರಗಳನ್ನು ನೋಡಿ ಮುಗಿಯುವವರೆಗೂ ತಲೆಯೆತ್ತಲಿಲ್ಲ.

"ನಿಮ್ಮ ಕೈಲೂ ಎಡವಟ್ಟಾಗಿದ್ದು ಇದೆಯಾ?" ಎಂದು ಬ್ರೇಕಮ್ಮ ನೇರವಾಗಿ ಕೇಳಿದಳು. ಗಂಡ ಮೇಜಿನಡಿ ಅವಳ ಕಾಲು ತುಳಿದ.

"ಇದೆ. ಒಬ್ಬರಿಗೆ ನಾಳ ಹರಿದು ತಕ್ಷಣ ಹೊಟ್ಟೆ ಕೊಯ್ಯಬೇಕಾಯ್ತು. ಬದುಕಿದ್ರು, ಆದ್ರೆ ತುಂಬ ನರಳಿದ್ರು. ನಿಮಗೂ ಹಾಗಾಗಬಹುದು. ಆಗದೇ ಇರೋ ಸಾಧ್ಯತೆಯೇ ಜಾಸ್ತಿ. ಪೂರ್ತಿ ತೆಗೆಯೋಕೆ ಪ್ರಯತ್ನ ಮಾಡ್ತೀನಿ."

"ಏನೂ ಆಗಲ್ಲ ಅಂದಿದ್ರೆ ಎದ್ದು ಹೋಗ್ತಿದ್ದೆ," ಎಂದಳು ಬ್ರೇಕಮ್ಮ. "ದಿನ ಹೇಳಿ."

ಹಿಂತಿರುಗುವ ರೈಲಿನಲ್ಲಿ ಗಂಡ ಕಿಟಕಿ ನೋಡುತ್ತ ಕೂತಿದ್ದ. ಎಷ್ಟೋ ಹೊತ್ತಿನ ಮೇಲೆ ಬಾಯಿಬಿಟ್ಟ.

"ತೆಗೆಸಬೇಕು ಅಂತ ಅವತ್ತೇ ನನಗೆ ಹೇಳಿದ್ರು ಕಣೇ. ನಾನು ಮರೆತಿರಲಿಲ್ಲ. ನೀನು ಉಸಿರಿಗೆ ಒದ್ದಾಡಿದ್ದನ್ನ ಕಣ್ಣಾರೆ ನೋಡಿದ್ದೆ. ಅದು ಒಳಗಿದ್ರೆ ನಿನ್ನ ಕಾಯುತ್ತೆ ಅನ್ಕೊಂಡೆ. ಮತ್ತೆ ಆ ಬಾಗಿಲೊಳಗೆ ನಿನ್ನ ಕಳಿಸೋಕೆ ಧೈರ್ಯ ಬರಲಿಲ್ಲ."

ಅವಳಿಗೆ ಮೈಯೆಲ್ಲ ಉರಿಯಿತು.

"ಹೆದರಿದ್ದಕ್ಕೆ ಬೈಯಲ್ಲ. ಹೇಳದೇ ಇದ್ದದ್ದಕ್ಕೆ ಬೈತೀನಿ. ಇಲ್ಲಿ ಜನ ಇದ್ದಾರೆ, ಮನೆಗೆ ನಡೀರಿ."

ಮನೆಗೆ ಹೋಗಿ ಚೆನ್ನಾಗಿಯೇ ಬೈದಳು. ಮಾತಿನಮಲ್ಲ ಅವತ್ತು ಒಂದಕ್ಕೂ ಎದುರಾಡಲಿಲ್ಲ. ಬೈದು ಸುಸ್ತಾದ ಮೇಲೆ, "ತೆಗೆಸೋ ದಿನ ಆ ಬಾಗಿಲವರೆಗೂ ನೀವೇ ಬರಬೇಕು," ಎಂದಳು.

"ಬರ್ತೀನಿ," ಎಂದ.

ಬಂದ. ಗಾಲಿಮಂಚದ ಪಕ್ಕದಲ್ಲಿ, ಅವಳ ಬೆರಳು ಹಿಡಿದುಕೊಂಡು, ಒಳಗಿನವರು ಬಿಡಿಸುವವರೆಗೂ ನಡೆದ. ಈ ಸಲ ಅವಳಿಗೆ ಪೂರ್ತಿ ಮಂಪರು ಕೊಟ್ಟರು. ಡಾಕ್ಟರಮ್ಮ ಕುಣಿಕೆಯನ್ನು ನಂಬಿ ಕೂರಲಿಲ್ಲ. ಪುಟ್ಟ ಇಕ್ಕಳವೊಂದನ್ನು ಕೊಳವೆಯಲ್ಲಿ ಇಳಿಸಿ, ಕೊಕ್ಕೆಯ ಸುತ್ತ ಬೆಳೆದಿದ್ದ ಪದರವನ್ನು ಸ್ವಲ್ಪ ಸ್ವಲ್ಪವೇ ಬಿಡಿಸಿದರು. ಹೊರಗೆ ಗಂಡ ಬೆಂಚಿನ ಮೇಲೆ ಕೂತ, ಎದ್ದ, ಮತ್ತೆ ಕೂತ.

ಕಣ್ಣು ಬಿಟ್ಟವಳೇ ಬ್ರೇಕಮ್ಮ, "ಬಂತಾ?" ಎಂದಳು.

"ಬಂತು," ಎಂದರು ಡಾಕ್ಟರಮ್ಮ. "ಒಂದು ಕಾಲಿನ ತುದಿ ಮಾತ್ರ ಮುರಿದು ಗೋಡೆಯಲ್ಲೇ ಉಳೀತು. ಗಟ್ಟಿಯಾಗಿ ಹುದುಗಿದೆ. ಅದರ ಬೆನ್ನು ಹತ್ತಿದ್ರೆ ಕೆಡುಕೇ ಹೆಚ್ಚು. ಆಗಾಗ ಬಂದು ನೋಡಿಸಿಕೊಂಡ್ರೆ ಸಾಕು."

"ಪೂರ್ತಿ ತೆಗೀತೀನಿ ಅಂದಿದ್ರಿ."

"ಪ್ರಯತ್ನ ಮಾಡ್ತೀನಿ ಅಂದಿದ್ದೆ."

ಬ್ರೇಕಮ್ಮ ಸೂರು ನೋಡುತ್ತ ಯೋಚಿಸಿದಳು. "ಹೌದು, ಹಾಗೇ ಅಂದಿದ್ರಿ," ಎಂದಳು. ಆಮೇಲೆ ತೋರಿಸಿ ಎಂದು ಕೇಳಿದಳು. ನರ್ಸು ಸೀಸೆಯೊಂದನ್ನು ಹಿಡಿದು ತೋರಿಸಿದಳು. ಕಿರುಬೆರಳಿನಷ್ಟೂ ಉದ್ದವಿಲ್ಲದ ತಂತಿಯ ಗೊಂಚಲು. "ಇಷ್ಟೇನಾ!" ಎಂದಳು. ಆದರೂ ಅವತ್ತು ತನ್ನ ಉಸಿರು ಉಳಿಸಿದ್ದು ಅದೇ ಎಂಬುದನ್ನು ಅವಳು ಮರೆತಿರಲಿಲ್ಲ. ಬೈಯಲು ಬಾಯಿ ಬರಲಿಲ್ಲ.

ಬೆನ್ನುನೋವು ಪೂರ್ತಿ ಹೋಗಲಿಲ್ಲ, ಅರ್ಧ ಹೋಯಿತು. ಉಳಿದರ್ಧ ಕಾರಿನ ಹಳೆಯ ಸೀಟಿನದು ಎಂದು ತೀರ್ಮಾನಿಸಿ ಶಾಲೆಯ ಮಾಲೀಕನ ಜೊತೆ ಜಗಳವಾಡಿ ಸೀಟು ಬದಲಾಯಿಸಿಕೊಂಡಳು. ಮೈಯಲ್ಲಿ ಕಸುವು ಬರುತ್ತಲೇ, ಮೊದಲು ಜರಡಿ ಹಾಕಿದ ಆಸ್ಪತ್ರೆಯ ಮೇಲಧಿಕಾರಿಯ ಕೋಣೆಗೆ ಹೋಗಿ ಕೂತು, ತೆಗೆಸಲು ತನ್ನನ್ನು ಯಾಕೆ ಕರೆಸಲಿಲ್ಲ ಎಂದು ಕೇಳಿದಳು.

"ನಾವು ಎಲ್ಲರಿಗೂ ಫೋನು ಮಾಡ್ತೀವಮ್ಮ," ಎಂದರು ಅವರು.

"ಎತ್ತದೇ ಇದ್ರೆ?"

ತನ್ನ ಮುಂದಿನ ರಜಾದಿನವೂ ಹೋದಳು, ಅದರ ಮುಂದಿನ ರಜಾದಿನವೂ ಹೋದಳು. ಇವಳ ಕಾಟ ತಾಳಲಾರದೆಯೋ, ಮಾತು ಸರಿಯೆನಿಸಿಯೋ, ಜರಡಿ ಹಾಕಿಸಿಕೊಂಡು ಕಣ್ಮರೆಯಾದವರನ್ನು ಹುಡುಕಲು ಕೊನೆಗೆ ಒಬ್ಬ ನರ್ಸನ್ನು ನೇಮಿಸಿದರು. ಸಿಕ್ಕವರಲ್ಲಿ ಕೆಲವರು ತೆಗೆಸಿಕೊಂಡರು. ಕೆಲವರಿಗೆ ಇರುವುದೇ ಒಳ್ಳೆಯದೆಂದು ಡಾಕ್ಟರುಗಳೇ ಹೇಳಿದರು. ತೀರ ಹೆದರಿದವರಿಗೆ ಆ ನರ್ಸು ಬ್ರೇಕಮ್ಮನ ನಂಬರು ಕೊಡುತ್ತಿದ್ದಳು.

ಮೊನ್ನೆ ಮೊನ್ನೆ ಅವಳು ಗಂಡನ ಅಂಗಡಿಯಲ್ಲಿ ಕೂತಿದ್ದಾಗ ಒಬ್ಬ ಬಡಗಿ ಫೋನು ಮಾಡಿದ. ವಯಸ್ಸಾದ ದನಿ.

"ಅಮ್ಮಾವ್ರೇ, ತುಂಬ ನೋವಾಗುತ್ತಾ?"

"ಕುತ್ತಿಗೆ ಹತ್ರ ಚುಚ್ಚುವಾಗ ಆಗುತ್ತೆ. ನನಗೆ ಮೊದಲ ಸಲ ಎಳೆದಾಗ ಬೆನ್ನಲ್ಲೂ ಆಯ್ತು. ಸುಳ್ಳು ಯಾಕೆ ಹೇಳಲಿ."

"ನನಗೆ ಭಯ ಆಗ್ತಿದೆ."

"ಆಗ್ಲಿ. ಡಾಕ್ಟ್ರು ತೆಗೀಬೇಕು ಅಂದ್ರಾ, ಬೇಡ ಅಂದ್ರಾ?"

"ಬಂದು ಮಾತಾಡಿ ಅಂದಿದ್ದಾರೆ."

"ಹಾಗಾದ್ರೆ ಮಾತಾಡೋಕೆ ಹೋಗಿ. ಮಾತಾಡೋಕೆ ಯಾರೂ ಚುಚ್ಚಲ್ಲ. ಮನೇಲಿ ಯಾರಿದ್ದಾರೆ ಜೊತೆಗೆ ಬರೋರು?"

"ಯಾರೂ ಇಲ್ಲಮ್ಮ."

ಬ್ರೇಕಮ್ಮ ಗಂಡನ ಕಡೆ ತಿರುಗಿದಳು. ಅವನು ಆಗಲೇ ಕತ್ತರಿ ಕೆಳಗಿಟ್ಟು, ಯಾವ ದಿನ ಎಂದು ಸನ್ನೆಯಲ್ಲೇ ಕೇಳುತ್ತಿದ್ದ.