ಕಂಪ್ಯೂಟರಿಗೆ ಸೋಸುವ ಅರಿವೆ

ನಮ್ಮ ಅತ್ತೆ ಕಸ್ತೂರೆವ್ವ ಒಲೆ ಹೊತ್ತಿಸುವ ಮುಂಚೆ ಪ್ರತಿ ಕಟ್ಟಿಗೆಯನ್ನೂ ನೆಲಕ್ಕೆ ಮೂರು ಸಲ ಮೆಲ್ಲಗೆ ಬಡಿಯುತ್ತಿದ್ದರು. ಒಳಗೆ ಇರುವೆಯೋ ಹುಳವೋ ಇದ್ದರೆ ಎದ್ದು ಹೋಗಲಿ ಎಂದು. ಶೇಡಬಾಳದ ಜೈನರ ಮನೆಗಳಲ್ಲಿ ಇದನ್ನು ಯಾರೂ ಯಾರಿಗೂ ಕಲಿಸುವುದಿಲ್ಲ, ನೋಡಿ ಬರುವ ರೂಢಿ. ಮನೆಗೆ ಕಂಪ್ಯೂಟರ್ ಬಂದ ಮೇಲೆ ಅದರ ಡಬ್ಬಿಗೂ ದಿನಾ ಮೂರು ಬಡಿತ ಬೀಳತೊಡಗಿತು. "ಏಳ್ರೆಪಾ, ಹೊರಗ ಬರ್ರಿ" ಎಂದು ಒಳಗಿನ ಕಾಣದ ಜೀವಗಳನ್ನು ಅತ್ತೆ ಕರೆದ ಮೇಲೆಯೇ ನಾನು ಸ್ವಿಚ್ ಹಾಕಬೇಕು. ನನಗೆ ನಗುವೂ ಬರುತ್ತಿತ್ತು, ಸಿಟ್ಟೂ ಬರುತ್ತಿತ್ತು. ಅಥಣಿಯಲ್ಲಿ ಆರು ತಿಂಗಳು ಕಂಪ್ಯೂಟರ್ ಕಲಿತು ಸರ್ಟಿಫಿಕೇಟ್ ಹಿಡಿದುಕೊಂಡು ಬಂದ ಸೊಸೆ ನಾನು. ನನ್ನ ಜಂಬವೇನು ಕಡಿಮೆಯೇ!

ನನ್ನ ಗಂಡ ಮಹಾವೀರ ಹೈಸ್ಕೂಲ್ ಮಾಸ್ತರ. ತೊಂಬತ್ತೆಂಟರ ಬೇಸಗೆಯಲ್ಲಿ ಮಿರಜದಿಂದ ಯಾರೋ ಬಳಸಿ ಬಿಟ್ಟ ಕಂಪ್ಯೂಟರ್ ತಂದು ಪಡಸಾಲೆಯಲ್ಲಿ ಇಟ್ಟರು. ಲಗ್ನಪತ್ರಿಕೆ, ಪರೀಕ್ಷೆಯ ಪ್ರಶ್ನೆಪತ್ರಿಕೆ ಟೈಪ್ ಮಾಡಿಕೊಡುವುದು ನನ್ನ ಕೆಲಸ. ಮೊದಲ ತಿಂಗಳು ಆ ಮೂರು ಬಡಿತ ಬಿಟ್ಟರೆ ಅತ್ತೆ ಅದರ ಹತ್ತಿರವೂ ಸುಳಿಯಲಿಲ್ಲ. ಒಂದು ದಿನ ಹಿಂದೆ ಬಂದು ನಿಂತವರು, "ಈ ಅಕ್ಷರ ಎಷ್ಟ ದೊಡ್ಡು ಮಾಡಾಕ ಬರ್ತಾವು?" ಎಂದು ಕೇಳಿದರು. ನಾನು ತಮಾಷೆಗೆ ಒಂದೊಂದು ಅಕ್ಷರವನ್ನು ಹೆಬ್ಬೆರಳಿನಷ್ಟು ಮಾಡಿ ತೋರಿಸಿದೆ. ಅತ್ತೆ ಮೂಗು ಪರದೆಗೆ ತಾಗುವಷ್ಟು ಬಾಗಿ, ಮಗ್ಗಿ ಹೇಳುವ ಮಕ್ಕಳ ಹಾಗೆ ಒಂದೊಂದೇ ಅಕ್ಷರ ಕೂಡಿಸಿ ಓದಿದರು. ಓದಿ ಮುಗಿಸಿ ಸೆರಗು ಬಾಯಿಗೆ ಒತ್ತಿಕೊಂಡರು. ಕಣ್ಣಿನ ಆಪರೇಶನ್ ಕೈಕೊಟ್ಟ ಮೇಲೆ ಎರಡು ವರ್ಷದಿಂದ ಅವರು ಒಂದಕ್ಷರವನ್ನೂ ಓದಿರಲಿಲ್ಲ.

ಮರುದಿನ ಟ್ರಂಕಿನ ತಳದಿಂದ ಒಂದು ಕಟ್ಟು ಅಂತರ್ದೇಶೀಯ ಪತ್ರಗಳನ್ನು ತಂದು ನನ್ನ ಮಡಿಲಲ್ಲಿ ಹಾಕಿದರು. ತೆಲಸಂಗಕ್ಕೆ ಕೊಟ್ಟಿದ್ದ ತಂಗಿಯ ಪತ್ರಗಳು. ತಂಗಿಯ ಹೆಸರು ಅಕ್ಕವ್ವ. ಅತ್ತೆಯ ಕಣ್ಣು ಹೋದ ವರ್ಷ ಬರೆದವು, ಪೆನ್ಸಿಲ್ಲಿನಲ್ಲಿ, ಇರುವೆ ಸಾಲಿನಂಥ ಅಕ್ಷರ. ಅದೇ ವರ್ಷ ಅಕ್ಕವ್ವ ತೀರಿಕೊಂಡಿದ್ದರು. ಪತ್ರಗಳು ಓದದೆಯೇ ಉಳಿದಿದ್ದವು.

"ನಾ ಓದಿ ಹೇಳ್ತೀನಲ್ರಿ, ಅತ್ತೀ" ಎಂದೆ.

"ಬ್ಯಾಡ ಬೇ. ಬ್ಯಾರೇದವರ ಬಾಯಾಗ ನಮ್ಮ ಅಕ್ಕವ್ವನ ದನಿ ಬರಂಗಿಲ್ಲ. ನೀ ಬರದ ಕೊಡು. ಓದೂದು ನಾ ಓದ್ತೀನಿ."

ಹಾಗೆ ಶುರುವಾಯಿತು. ಸಂಜೆ ನಾನು ಒಂದು ಪತ್ರ ಟೈಪ್ ಮಾಡುತ್ತಿದ್ದೆ. ಬೆಳಿಗ್ಗೆ ಕರೆಂಟ್ ಬಂದಾಗ ಅತ್ತೆ ಸ್ನಾನ ಮುಗಿಸಿ ಒದ್ದೆ ಕೂದಲಲ್ಲೇ ಬಂದು ಕೂರುತ್ತಿದ್ದರು. ಕಿಟಕಿಯಲ್ಲಿ ಇನ್ನೂ ಮಂಜು ಮಂಜು ಬೆಳಕು, ಪರದೆ ನೀಲಿ, ಅದರ ಮೇಲೆ ಬಿಳಿ ಅಕ್ಷರ. ಎಮ್ಮೆ ಕರು ಹಾಕಿದ್ದು, ಜೋಳಕ್ಕೆ ಹಕ್ಕಿ ಬಿದ್ದದ್ದು, ಮೊಣಕಾಲು ನೋವು, ನೆರೆಮನೆಯವಳ ಕೊಂಕು ಮಾತು. ಅತ್ತೆ ಒಂದೊಂದೇ ಪದ ಹಿಡಿದು ನಡೆಯುತ್ತಿದ್ದರು. ಓದುತ್ತ ಓದುತ್ತ ಅವರ ದನಿ ಸಣ್ಣಗಾಗಿ, ನಾನು ಒಮ್ಮೆಯೂ ಕಾಣದ ಆ ತಂಗಿ ನಮ್ಮ ಪಡಸಾಲೆಯಲ್ಲಿ ಕಾಲು ಚಾಚಿ ಕೂತಿದ್ದಾಳೆ ಅನ್ನಿಸುತ್ತಿತ್ತು. ರೊಟ್ಟಿ ಹೊತ್ತಿದ ವಾಸನೆ ಬಂದರೂ ನನಗೆ ಏಳಲು ಮನಸ್ಸಾಗುತ್ತಿರಲಿಲ್ಲ. ಇವೆಲ್ಲಕ್ಕೂ ಅಡಿಯಲ್ಲಿ ಫ್ಯಾನಿನ ಗುಂಯ್ ಗುಂಯ್ ಸದ್ದು ಇರುತ್ತಿತ್ತು.

ಮಳೆ ಶುರುವಾಗುವ ಹೊತ್ತಿಗೆ ಹುಳಗಳು ಎದ್ದವು. ಒಂದು ಬೆಳಿಗ್ಗೆ ಕಸ ಗುಡಿಸುವಾಗ ಕಂಪ್ಯೂಟರಿನ ಹಿಂದೆ ಎರಡು ಪಾತರಗಿತ್ತಿಯ ರೆಕ್ಕೆ ಅತ್ತೆಯ ಕೈಗೆ ಸಿಕ್ಕವು. ಕಣ್ಣಿಗೆ ಕಾಣದ್ದು ಅವರ ಬೆರಳಿಗೆ ಗೊತ್ತಾಗುತ್ತಿತ್ತು. ಸಣ್ಣ ಜೀವಗಳು ಸಾಯದಿರಲೆಂದು ನಾವು ನೀರು ಸೋಸುವ ಅರಿವೆಗಳಲ್ಲಿ ಒಂದು ಹೊಸದನ್ನು ತೆಗೆದು, ಎರಡು ಮಡಿಕೆ ಮಾಡಿ, ಡಬ್ಬಿಯ ಬೆನ್ನಿಗೆ ಫ್ಯಾನ್ ಮುಚ್ಚುವಂತೆ ಬಿಗಿದು ಕಟ್ಟಿದರು. ಸರ್ಟಿಫಿಕೇಟಿನ ಸೊಸೆ ಅದನ್ನು ನೋಡಿ ಏನಂದಳು? ಧೂಳು ತಡೆಯಲು ಒಳ್ಳೆಯದಾಯಿತು ಅಂದಳು.

ಎಂಟು ದಿನದಲ್ಲಿ ಫ್ಯಾನಿನ ಸದ್ದು ಹಿಟ್ಟಿನ ಗಿರಣಿಯಷ್ಟಾಯಿತು. ಡಬ್ಬಿ ಮುಟ್ಟಿದರೆ ಬಿಸಿ. ಮಹಾವೀರ ಪಕ್ಕದ ಕೋಣೆಯಿಂದ, "ತ್ರಿಶಲಾ, ಜ್ವಾಳ ಬೀಸಾಕ ಹತ್ತೀಯೇನ?" ಎಂದು ಕಾಡಿಸುತ್ತಿದ್ದರು. ಒಂದು ಬೆಳಿಗ್ಗೆ ಅತ್ತೆ ಅರ್ಧ ಪತ್ರದಲ್ಲಿದ್ದಾಗ ಪರದೆ ಕಪ್ಪಾಯಿತು. ಸುಟ್ಟ ವಾಸನೆ. ಅತ್ತೆ ಕಪ್ಪು ಗಾಜಿನ ಮುಂದೆ ಹಾಗೆಯೇ ಬಾಗಿ ಕೂತಿದ್ದರು. "ಅಕ್ಕವ್ವ ಇನ್ನೂ ಮಾತಾಡಾಕತ್ತಿದ್ಲಲ್ಲ" ಎಂದರು.

ಊರಲ್ಲಿ ಕಂಪ್ಯೂಟರ್ ಬಿಚ್ಚಬಲ್ಲವರು ಯಾರಿದ್ದರು? ನೀರೆತ್ತುವ ಮೋಟಾರುಗಳಿಗೆ ತಂತಿ ಸುತ್ತುವ ಭೂಪಾಲನನ್ನು ಕರೆತಂದೆವು. ಬಂದವನೇ ಡಬ್ಬಿಯ ಬೆನ್ನಿನ ಅರಿವೆ ನೋಡಿ ಹಣೆ ಬಡಿದುಕೊಂಡ.

"ಕಾಕೂ, ಇದು ಬಿಸಿ ಗಾಳಿ ಹೊರಗ ಬಿಡೂ ಜಾಗಾರಿ. ಇದರ ಮೂಗ ಒತ್ತಿ ಹಿಡಿದೀರಿ ನೀವು!"

ಪ್ಲಗ್ ಕಿತ್ತ ಮೇಲೂ ಒಳಗೆ ಕರೆಂಟ್ ಅಡಗಿ ಕೂತಿರುತ್ತದೆ ಎಂದು ಹೇಳಿ ಅರ್ಧ ತಾಸು ಚಹಾ ಕುಡಿಯುತ್ತ ಕೂತ. ಆಮೇಲೆ ಸ್ಕ್ರೂ ಬಿಚ್ಚಿದ. ಸುಟ್ಟದ್ದು ಅಂಗೈಯಷ್ಟು ಫ್ಯಾನ್ ಮಾತ್ರ, ಎಣ್ಣೆ ಒಣಗಿ, ತಿರುಗಿಸಿದರೆ ಕರಕರ ಅನ್ನುತ್ತಿತ್ತು. ಭೂಪಾಲ ಡಬ್ಬಿಯನ್ನು ಪೇಪರಿನ ಮೇಲೆ ಬೋರಲು ಹಾಕಿದ. ಧೂಳು, ಜೇಡರ ಬಲೆ, ಅವುಗಳ ಜೊತೆ ಒಂದು ಬೊಗಸೆ ಒಣಗಿದ ಹುಳಗಳು ಉದುರಿದವು. ನಾನು ಪೇಪರ್ ಮಡಚುವಷ್ಟರಲ್ಲಿ ಅತ್ತೆಯ ಬೆರಳು ಅಲ್ಲಿಗೆ ಬಂದಿತ್ತು.

"ಇವ ಎಲ್ಲಾ ಮಿರಜದಾಗ ಸತ್ತಾವ್ರಿ ಕಾಕೂ, ನಿಮ್ಮ ಲೆಕ್ಕಕ್ಕಲ್ಲ" ಎಂದು ಭೂಪಾಲ ನಗಿಸಲು ನೋಡಿದ. ಅತ್ತೆ ನಗಲಿಲ್ಲ. ಎದ್ದು ಹೋಗಿ ಕೈ ತೊಳೆದರು, ಬಹಳ ಹೊತ್ತು ತೊಳೆದರು.

ಮರುದಿನ ಭೂಪಾಲ ಬೆಳಗಿನ ಗಾಡಿಗೆ ಮಿರಜಕ್ಕೆ ಹೋಗಿ ಹೊಸ ಫ್ಯಾನ್ ತಂದ. ಹಳೆಯದರ ಕೆಂಪು, ಕಪ್ಪು ವೈರು ಕತ್ತರಿಸಿ ಹೊಸದರ ಕೆಂಪಿಗೆ ಕೆಂಪು, ಕಪ್ಪಿಗೆ ಕಪ್ಪು ಕೂಡಿಸಿ ಟೇಪ್ ಸುತ್ತಿದ. ಡಬ್ಬಿ ಮುಚ್ಚಿ ಚಾಲೂ ಮಾಡಿದ ಮೇಲೆ ಹಿಂದೆ ಅರಳೆಯ ಎಳೆ ಹಿಡಿದು ನೋಡಿದರೆ ಅದು ಹೊರಗೆ ಹಾರುವ ಬದಲು ಒಳಗೆ ಅಂಟಿತು. ಕೂಲರಿನ ಫ್ಯಾನ್ ಹಾಕಿ ರೂಢಿಯಾದ ಕೈ, ಹಿಂದುಮುಂದು ಮಾಡಿ ಕೂರಿಸಿತ್ತು. ನಾಲಿಗೆ ಕಚ್ಚಿಕೊಂಡು ಪ್ಲಗ್ ಕಿತ್ತು, ಮತ್ತೆ ಅರ್ಧ ತಾಸು ಕಾದು, ತಿರುಗಿಸಿ ಹಾಕಿದ. ಗಾಳಿ ಒಳಗೆ ಹೋಗುವ ಮುಂದಿನ ಸಂದುಗಳಿಗೆ ನನ್ನ ಚಹಾ ಸೋಸುವ ಜಾಲರಿಯನ್ನೇ ಬಿಚ್ಚಿ ತಂತಿಯಿಂದ ಹೊಲಿದ.

ಈಗ ಕಂಪ್ಯೂಟರ್ ಚಾಲೂ ಇದೆಯೋ ಇಲ್ಲವೋ ತಿಳಿಯದಷ್ಟು ಸದ್ದು ಕಡಿಮೆ. ಮಲಗಿದ ಕೂಸಿನ ಉಸಿರಿನಷ್ಟು.

"ಇನ್ನ ಒಂದೂ ಜೀವ ಸಾಯಂಗಿಲ್ಲೇನೋ ಭೂಪಾಲಾ?" ಅತ್ತೆ ಕೇಳಿದರು.

ಅವನು ಸುಳ್ಳು ಹೇಳಬಹುದಿತ್ತು. ಹೇಳಲಿ ಎಂದು ನಾನು ಕಣ್ಣಲ್ಲೇ ಬೇಡಿಕೊಂಡೆ. "ಭಾಳ ಕಡಿಮಿ ಆಗ್ತಾವ್ರಿ. ಒಂದೂ ಸಾಯಂಗಿಲ್ಲ ಅಂತ ಹ್ಯಾಂಗ ಹೇಳ್ಲಿ?" ಎಂದ, ಪುಣ್ಯಾತ್ಮ.

ಅತ್ತೆ ಆ ದಿನ ಕೂರಲಿಲ್ಲ. ಮರುದಿನವೂ ಕೂರಲಿಲ್ಲ. ಅರ್ಧ ಓದಿದ ಆ ಪತ್ರವೊಂದೇ ಬಾಕಿ ಇತ್ತು, ಅದೇ ಕೊನೆಯದು. ಮೂರನೆಯ ದಿನ ಚಾತುರ್ಮಾಸ ಹಿಡಿಯುವ ದಿನ. ಬಸದಿಗೆ ಹೋಗಿ ಮುನಿಗಳ ಮುಂದೆ ಏನಾದರೊಂದನ್ನು ಬಿಡುವ ವ್ರತ ಹಿಡಿಯುವುದು ನಮ್ಮಲ್ಲಿ ಪದ್ಧತಿ. ಯಾರೋ ಬದನೆಕಾಯಿ ಬಿಡುತ್ತಾರೆ, ಯಾರೋ ತುಪ್ಪ. ನಾನು ಅತ್ತೆಯ ಕೈ ಹಿಡಿದು ನಡೆದೆ. ಕಂಪ್ಯೂಟರನ್ನೇ ಬಿಡುತ್ತಾರೆ ಎಂದು ನನಗೆ ಖಾತ್ರಿಯಾಗಿತ್ತು. ಒಮ್ಮೆ ಬಾಯಿಂದ ಬಂತೆಂದರೆ ಮುಗಿಯಿತು. ತಂಗಿಯ ಅರ್ಧ ಮಾತು ಅರ್ಧವೇ ಉಳಿಯುತ್ತದೆ.

ಸಾಲು ಸರಿಯಿತು. ಮುನಿ ಮಹಾರಾಜರು ಕೇಳಿದರು. "ಏನ ಬಿಡ್ತೀಯವ್ವಾ?"

"ಬೆಲ್ಲಾರಿ, ಮಹಾರಾಜ್. ಬೆಲ್ಲ, ಸಕ್ರಿ, ಸಿಹಿ ಅನ್ನೂದೆಲ್ಲಾ."

"ನಾಕ ತಿಂಗಳಾ?"

"ಸಾಯೂತನಕಾರಿ. ನನ್ನಿಂದ ಒಂದ ಹಿಂಸಾ ಆಗಾಕತ್ತೈತಿ. ಅದನ್ನ ಬಿಡಾಕ ನನ್ನ ಕೈಲೆ ಆಗವಲ್ತು. ಅದಕ್ಕ ಇದು."

ನನ್ನ ಅತ್ತೆ ಊಟದ ಕೊನೆಗೆ ಒಂದು ತುಣುಕು ಬೆಲ್ಲ ಬಾಯಲ್ಲಿ ಕರಗಿಸದೆ ಎದ್ದವರಲ್ಲ. ಗಂಡ ತೀರಿಕೊಂಡಾಗಲೂ, ಕಣ್ಣು ಹೋದಾಗಲೂ ಅದನ್ನು ಬಿಟ್ಟಿರಲಿಲ್ಲ. ಬಸದಿಯ ಕಂಬಕ್ಕೆ ಆನಿಕೊಂಡು ನಾನು ಅತ್ತುಬಿಟ್ಟೆ. ಅಳುವಿಗೆ ಇನ್ನೊಂದು ಕಾರಣವಿತ್ತು, ಅದು ಪತ್ರ ಟೈಪ್ ಮಾಡಿದ ನನಗೊಬ್ಬಳಿಗೇ ಗೊತ್ತಿತ್ತು.

ಮನೆಗೆ ಬಂದವರೇ ಅತ್ತೆ ಕುರ್ಚಿ ಎಳೆದುಕೊಂಡರು. "ಹಚ್ಚ ಬೇ."

ಅವರು ಕಾಲು ತೊಳೆದು ಬರುವಷ್ಟರಲ್ಲಿ ನಾನು ಪತ್ರದ ಕೊನೆಯ ಸಾಲಿಗೆ ಹೋಗಿದ್ದೆ. ಅಳಿಸುವ ಕೀಲಿಯ ಮೇಲೆ ಬೆರಳಿಟ್ಟಿದ್ದೆ. ಒಂದು ಸಾಲು ಹೋದರೆ ಅವರಿಗೆ ಹೇಗೆ ಗೊತ್ತಾಗುತ್ತದೆ? ಆದರೆ ಅದು ಅಕ್ಕವ್ವನ ಮಾತು, ಬೇರೆಯವರ ಬಾಯಿ ಬೇಡ ಎಂದು ನನ್ನನ್ನು ನಂಬಿ ಕೊಟ್ಟದ್ದು. ಬೆರಳು ತೆಗೆದೆ.

ಅತ್ತೆ ಓದಿದರು. ನಿಂತಲ್ಲಿಂದ ಶುರುಮಾಡಿ, ನಿಧಾನಕ್ಕೆ, ಕೊನೆಯ ಸಾಲಿಗೆ ಬಂದರು. "ನಿಮ್ಮ ಕಡೆ ಗಾಣ ಹೂಡಿದ ಮ್ಯಾಲ ಬರ್ತೀನಿ ಅಕ್ಕಾ. ಇಬ್ರೂ ಕೂಡಿ ಬಿಸಿ ಬಿಸಿ ಹೊಸಾ ಬೆಲ್ಲ ತಿನ್ನೂಣು."

ನಾನು ಪರದೆ ಆರಿಸಲು ಕೈ ಚಾಚಿದೆ. ಅತ್ತೆ ನನ್ನ ಕೈ ಹಿಡಿದು ಪಕ್ಕಕ್ಕೆ ಸರಿಸಿದರು.

"ಇರ್ಲಿ, ತಗೀಬ್ಯಾಡ. ಇನ್ನೊಮ್ಮಿ ಓದ್ತೀನಿ."